ಪದಚರ್ಚೆ: ‘ಖರೀದಿಗೆ ಒಪ್ಪಿಗೆ’ ಅಂದರೆ ಎಷ್ಟನೆಯ ಮೆಟ್ಟಿಲು?

ನಮಸ್ಕಾರ,

ರಕ್ಷಣಾ ಖರೀದಿಯ ಪ್ರಕಟಣೆಗಳನ್ನು ಕನ್ನಡಕ್ಕೆ ತರುವಾಗ ಎರಡು ಕಡೆ ತೊಡಕಾಗುತ್ತಿದೆ. ಬಲ್ಲವರು ತಿಳಿಸಬೇಕು.

ಒಂದು, ‘ಎಒಎನ್’. ಬಿಡಿಸಿದರೆ ‘ಆಕ್ಸೆಪ್ಟೆನ್ಸ್ ಆಫ್ ನೆಸೆಸಿಟಿ’. ಪತ್ರಿಕೆಗಳಲ್ಲಿ ಇದು ‘ಖರೀದಿಗೆ ಒಪ್ಪಿಗೆ’, ‘ಖರೀದಿಗೆ ಅಸ್ತು’, ‘ಹಸಿರು ನಿಶಾನೆ’ ಎಂದೆಲ್ಲ ಬರುತ್ತದೆ. ಅದೇ ವಿಮಾನಕ್ಕೆ ಎರಡು ವರ್ಷದ ನಂತರ ಮತ್ತೆ ‘ಖರೀದಿಗೆ ಒಪ್ಪಿಗೆ’ ಎಂಬ ತಲೆಬರಹ ಕಂಡರೆ, ಇದು ಹಳೆಯ ಸುದ್ದಿಯೋ ಹೊಸ ವಿಮಾನವೋ ಓದುಗರಿಗೆ ತಿಳಿಯುವುದಿಲ್ಲ. ‘ಅವಶ್ಯಕತೆಯ ಸ್ವೀಕೃತಿ’ ಎಂಬುದೂ ಬಳಕೆಯಲ್ಲಿದೆ. ಅದು ಕಿವಿಗೆ ಒಗ್ಗುತ್ತಿಲ್ಲ.

ಎರಡು, ‘ಕೇಪಬಿಲಿಟಿ’ ಮತ್ತು ‘ಕೆಪಾಸಿಟಿ’. ಎರಡಕ್ಕೂ ನಾವು ‘ಸಾಮರ್ಥ್ಯ’ ಎನ್ನುತ್ತೇವೆ. ಒಂದೇ ವಾಕ್ಯದಲ್ಲಿ ಎರಡೂ ಬಂದಾಗ ಏನು ಮಾಡಬೇಕು?

*

ನಮಸ್ಕಾರ,

ಎಒಎನ್ ಎಂಬ ಕಾಗದ ಏನನ್ನು ಇತ್ಯರ್ಥ ಮಾಡುತ್ತದೆ ಎಂದು ಮೊದಲು ನೋಡೋಣ, ಪದ ಆಮೇಲೆ ತಾನಾಗಿ ಸಿಗುತ್ತದೆ. ರಕ್ಷಣಾ ಸಚಿವರ ಅಧ್ಯಕ್ಷತೆಯ ರಕ್ಷಣಾ ಖರೀದಿ ಮಂಡಳಿ, ಅಂದರೆ ಡಿಎಸಿ, ಎಒಎನ್ ಕೊಟ್ಟಿತು ಎಂದರೆ ಮೂರು ಸಂಗತಿ ತೀರ್ಮಾನವಾದವು: ಪಡೆ ಕೇಳಿದ ವಸ್ತು ಬೇಕು, ಇಷ್ಟು ಸಂಖ್ಯೆಯಲ್ಲಿ ಬೇಕು, ಇಂಥ ವರ್ಗದಡಿ ಕೊಳ್ಳಬೇಕು. ಎಷ್ಟು ಬೆಲೆಗೆ ಎಂಬುದು ಆಗ ತೀರ್ಮಾನವಾಗಿರುವುದಿಲ್ಲ. ಪೈಪೋಟಿಯ ಖರೀದಿಯಲ್ಲಿ ಯಾರಿಂದ ಎಂಬುದೂ ಆಗಿರುವುದಿಲ್ಲ. ಪ್ರಕಟಣೆಯಲ್ಲಿರುವ ಕೋಟಿಗಳ ಲೆಕ್ಕ ಅಂದಾಜು ವೆಚ್ಚ ಮಾತ್ರ. ಎಒಎನ್‌ಗೆ ಇಂತಿಷ್ಟು ಅವಧಿ ಎಂದಿದೆ, ಅಷ್ಟರೊಳಗೆ ಮಾರಾಟಗಾರರಿಂದ ಪ್ರಸ್ತಾವ ಕೋರದಿದ್ದರೆ ಅದು ಬಿದ್ದುಹೋಗುತ್ತದೆ. ಬಿದ್ದುಹೋಗಬಹುದಾದ ಒಂದು ಕಾಗದಕ್ಕೆ ‘ಖರೀದಿ’ ಎಂಬ ಪದವನ್ನೇ ಅಂಟಿಸಿರುವುದು ತೊಡಕಿನ ಮೂಲ.

ನನ್ನ ಸಲಹೆ ‘ಅಗತ್ಯಕ್ಕೆ ಮನ್ನಣೆ’. ‘ಸ್ವೀಕೃತಿ’ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿ. ‘ಒಪ್ಪಿಗೆ’ ತೀರಾ ಅಗಲವಾದ ಪದ, ಮದುವೆಯಿಂದ ಮಸೂದೆಯವರೆಗೆ ಎಲ್ಲಕ್ಕೂ ಸಲ್ಲುತ್ತದೆ. ‘ಬೇಕು ಎಂಬ ನಿಮ್ಮ ಮಾತು ಸರಿ’ ಎಂದು ತಲೆಯಾಡಿಸುವುದಷ್ಟೇ ಇಲ್ಲಿ ನಡೆದಿರುವುದರಿಂದ ‘ಮನ್ನಣೆ’ ಹೊಂದುತ್ತದೆ.

ಉಳಿದ ಮೆಟ್ಟಿಲುಗಳಿಗೂ ಹೆಸರು ಬೇಕು, ಇಲ್ಲವಾದರೆ ಒಂದನ್ನು ಮಾತ್ರ ತಿದ್ದಿ ಪ್ರಯೋಜನವಿಲ್ಲ. 2020ರ ಅಕ್ಟೋಬರ್ 1ರಂದು ಜಾರಿಗೆ ಬಂದ ರಕ್ಷಣಾ ಖರೀದಿ ಕಾರ್ಯವಿಧಾನ, ಅಂದರೆ ಡಿಎಪಿ-2020ರ ಕ್ರಮ ಹಿಡಿದು ಹೋದರೆ, ಎಒಎನ್‌ಗೂ ಮುಂಚೆ ಪಡೆಯವರು ಉದ್ಯಮದಿಂದ ‘ಮಾಹಿತಿ ಕೋರಿಕೆ’ಯ ಮೂಲಕ (ಆರ್‌ಎಫ್‌ಐ) ಏನೇನು ಲಭ್ಯವಿದೆ ಎಂದು ತಿಳಿಯುತ್ತಾರೆ. ಅದರ ಮೇಲೆ ‘ಗುಣಮಟ್ಟದ ಬೇಡಿಕೆ ಪಟ್ಟಿ’ (ಎಸ್‌ಕ್ಯುಆರ್) ಸಿದ್ಧವಾಗುತ್ತದೆ. ಮನ್ನಣೆ ಸಿಕ್ಕ ಮೇಲೆ ಹೊರಡುವುದು ‘ಪ್ರಸ್ತಾವ ಆಹ್ವಾನ’ (ಆರ್‌ಎಫ್‌ಪಿ). ಮಾರಾಟಗಾರರು ತಾಂತ್ರಿಕ ಪ್ರಸ್ತಾವ ಒಂದರಲ್ಲಿ, ಬೆಲೆ ಇನ್ನೊಂದರಲ್ಲಿ, ಹೀಗೆ ಎರಡು ಲಕೋಟೆ ಕೊಡುತ್ತಾರೆ. ತಾಂತ್ರಿಕ ಲಕೋಟೆ ಮೊದಲು ಬಿಚ್ಚುತ್ತದೆ, ಅದರಲ್ಲಿ ತೇರ್ಗಡೆಯಾದವರ ಉಪಕರಣ ಕ್ಷೇತ್ರ ಪರೀಕ್ಷೆಗೆ ಹೋಗುತ್ತದೆ. ಪರೀಕ್ಷೆಗೆ ಉಪಕರಣ ತರುವ ಖರ್ಚು ಮಾರಾಟಗಾರನದೇ, ಕೊಳ್ಳುತ್ತೇವೆಂಬ ಭರವಸೆ ಸರ್ಕಾರದಿಂದ ಇರುವುದಿಲ್ಲ. ಅಲ್ಲಿಯೂ ಗೆದ್ದವರ ಬೆಲೆಯ ಲಕೋಟೆ ಮಾತ್ರ ತೆರೆಯುತ್ತದೆ. ಕನಿಷ್ಠ ಬೆಲೆ ನಮೂದಿಸಿದವರು ‘ಎಲ್1’, ಅವರೊಡನೆ ಬೆಲೆ ಮಾತುಕತೆ. ಅದು ಮುಗಿದ ನಂತರ ಹಣ ಕೊಡುವ ಅಧಿಕಾರ ಇರುವವರ ಮಂಜೂರಾತಿ. ದೊಡ್ಡ ಮೊತ್ತವಾದರೆ ಆ ಅಧಿಕಾರ ಪ್ರಧಾನಿ ನೇತೃತ್ವದ ಭದ್ರತಾ ವ್ಯವಹಾರಗಳ ಸಂಪುಟ ಸಮಿತಿಯದು, ಸಿಸಿಎಸ್ ಎನ್ನುತ್ತೇವಲ್ಲ, ಅದು. ಕೊನೆಗೆ ಸಹಿ.

ಪತ್ರಿಕೆಯಲ್ಲಿ ಡಿಎಸಿಯ ಮನ್ನಣೆಯೂ ‘ಒಪ್ಪಿಗೆ’, ಸಿಸಿಎಸ್ ಮಂಜೂರಾತಿಯೂ ‘ಒಪ್ಪಿಗೆ’. ನಡುವಿನ ಅಂತರ ಎಷ್ಟೆಂದು ನೋಡಿ. 2023ರ ನವೆಂಬರ್ 30ರಂದು ಒಂದೇ ಸಭೆಯಲ್ಲಿ 97 ತೇಜಸ್ ಎಂಕೆ-1ಎ ವಿಮಾನಗಳಿಗೂ 156 ಪ್ರಚಂಡ್ ಹೆಲಿಕಾಪ್ಟರ್‌ಗಳಿಗೂ ಎಒಎನ್ ಸಿಕ್ಕಿತು. ಆ ದಿನದ ಒಟ್ಟು ಅಂದಾಜು 2.23 ಲಕ್ಷ ಕೋಟಿ ರೂಪಾಯಿ ತಲೆಬರಹಗಳಲ್ಲಿ ಮೆರೆಯಿತು. ಪ್ರಚಂಡ್‌ಗೆ ಸಹಿ ಬಿದ್ದದ್ದು 2025ರ ಮಾರ್ಚ್ 28ರಂದು, 62,700 ಕೋಟಿ ರೂಪಾಯಿಗೆ. ತೇಜಸ್‌ಗೆ 2025ರ ಸೆಪ್ಟೆಂಬರ್ 25ರಂದು, 62,370 ಕೋಟಿಗೆ. ಮಾರಾಟಗಾರ ಎಚ್‌ಎಎಲ್ ಒಂದೇ, ಪೈಪೋಟಿ ಇರಲಿಲ್ಲ. ಆದರೂ ಮನ್ನಣೆಯಿಂದ ಸಹಿಗೆ ಒಂದಕ್ಕೆ 16 ತಿಂಗಳು, ಇನ್ನೊಂದಕ್ಕೆ 22 ತಿಂಗಳು ಹಿಡಿದವು.

ಪೈಪೋಟಿ ಇದ್ದರೆ ಏನಾಗಬಹುದು ಎಂಬುದಕ್ಕೆ ರಫೇಲ್ ಇದೆ. 126 ಯುದ್ಧವಿಮಾನಗಳಿಗೆ ಪ್ರಸ್ತಾವ ಆಹ್ವಾನ ಹೊರಟಿದ್ದು 2007ರ ಆಗಸ್ಟ್‌ನಲ್ಲಿ. ಅವುಗಳಲ್ಲಿ 18 ಸಿದ್ಧವಾಗಿ ಬರುವುವು, 108 ಎಚ್‌ಎಎಲ್‌ನಲ್ಲಿ ತಯಾರಾಗುವುವು. 2012ರ ಜನವರಿಯಲ್ಲಿ ರಫೇಲ್ ಎಲ್1 ಆಯಿತು. ಅಂದು ‘ರಫೇಲ್ ಖರೀದಿ’ ಎಂದು ಬರೆದಿದ್ದರೆ ಅದು ತಪ್ಪು. ಬೆಲೆ ಮಾತುಕತೆ ಮುಗಿಯಲೇ ಇಲ್ಲ, 2015ರಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಟ್ಟರು. 2016ರ ಸೆಪ್ಟೆಂಬರ್‌ನಲ್ಲಿ ಸಹಿಯಾದದ್ದು ಎರಡು ಸರ್ಕಾರಗಳ ನಡುವಿನ ಬೇರೆಯೇ ಒಪ್ಪಂದ, 36 ವಿಮಾನಗಳಿಗೆ. ಎಲ್1ಗೆ ‘ಆಯ್ಕೆ’ ಎನ್ನಬಹುದು, ‘ಖರೀದಿ’ ಎನ್ನಬಾರದು.

‘ಇಷ್ಟೊಂದು ಪದ ಓದುಗರಿಗೆ ಭಾರ’ ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಊರ ಸೇತುವೆಯ ಕಾಮಗಾರಿಗೆ ‘ಆಡಳಿತಾತ್ಮಕ ಅನುಮೋದನೆ’, ‘ತಾಂತ್ರಿಕ ಮಂಜೂರಾತಿ’, ‘ಟೆಂಡರ್’, ‘ಕಾರ್ಯಾದೇಶ’ ಎಂಬ ನಾಲ್ಕು ಹಂತ ಪಂಚಾಯಿತಿ ಸದಸ್ಯರ ನಾಲಿಗೆಯ ಮೇಲೇ ಇವೆ. ಅನುಮೋದನೆ ಸಿಕ್ಕ ಮಾತ್ರಕ್ಕೆ ಜಲ್ಲಿ ಬಂದು ಬೀಳುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಈ ವಿವೇಕ ಕನ್ನಡದಲ್ಲಿ ಇದ್ದೇ ಇದೆ, ರಕ್ಷಣಾ ಸುದ್ದಿಗೆ ನಾವು ಅದನ್ನು ತಂದಿಲ್ಲ.

ಅಂತಿಮ ಸಹಿಗೆ ‘ಒಪ್ಪಂದ’ ಎಂದರೆ ಸರ್ಕಾರಗಳ ನಡುವಿನ ಒಪ್ಪಂದಕ್ಕೂ ಕಂಪನಿಯೊಡನೆ ಮಾಡಿಕೊಳ್ಳುವ ಖರೀದಿಪತ್ರಕ್ಕೂ ಒಂದೇ ಪದವಾಗುತ್ತದೆ. ‘ಗುತ್ತಿಗೆ’ ಎಂದರೆ ಕೂಲಿ, ಜಮೀನಿನ ವಾಸನೆ. ಬಾಡಿಗೆ ಮನೆಯ ಕಾಗದದಲ್ಲಿ ಇಂದಿಗೂ ಬದುಕಿರುವ ‘ಕರಾರು’ ಇಲ್ಲಿ ಚೆನ್ನಾಗಿ ಕೂರುತ್ತದೆ: ‘ಖರೀದಿ ಕರಾರು’. ಹೀಗೆ ಸರ್ಕಾರಗಳದ್ದು ಒಪ್ಪಂದ, ಕಂಪನಿಯದ್ದು ಕರಾರು. ಕರಾರಿನಲ್ಲಿರುವ ತಡದ ಕಲಮಿಗೆ ‘ದಂಡ’ ಎನ್ನಬೇಡಿ. ಅದು ಮೊದಲೇ ಗೊತ್ತುಮಾಡಿದ ನಷ್ಟಭರ್ತಿ, ಶಿಕ್ಷೆಯಲ್ಲ. ‘ವಿಳಂಬ ಪರಿಹಾರ’ ಸಾಕು.

ವಿದೇಶಿ ಮಾರಾಟಗಾರ ಕರಾರಿನ ಮೊತ್ತದ ಒಂದು ಪಾಲನ್ನು ಇಲ್ಲಿನ ಉದ್ಯಮಕ್ಕೆ ಮರಳಿಸಬೇಕೆಂಬ ಷರತ್ತಿಗೆ ಬಳಸುವ ‘ಆಫ್‌ಸೆಟ್’ ಹಾಗೆಯೇ ಇರಲಿ. ಮುದ್ರಣದ ಆಫ್‌ಸೆಟ್‌ನೊಂದಿಗೆ ಗೊಂದಲವಾಗುವ ಕಡೆ ‘ಆಫ್‌ಸೆಟ್ ಹೊಣೆ’ ಎಂದರಾಯಿತು.

ಕರಾರಿನ ನಂತರವೂ ಮೂರು ಮಾತು ಬೆರೆತುಹೋಗುತ್ತವೆ, ಹಡಗಿನ ವಿಷಯದಲ್ಲಂತೂ ಹೆಚ್ಚು. ವಿಮಾನವಾಹಕ ನೌಕೆ ವಿಕ್ರಾಂತ್ ನೀರಿಗಿಳಿದದ್ದು 2013ರ ಆಗಸ್ಟ್ 12ರಂದು. ನೌಕಾಪಡೆಯ ಕೈಸೇರಿದ್ದು 2022ರ ಜುಲೈ 28ರಂದು. ಸೇವೆಗೆ ಸೇರಿದ್ದು ಅದೇ ವರ್ಷದ ಸೆಪ್ಟೆಂಬರ್ 2ರಂದು. ‘ಲೋಕಾರ್ಪಣೆ’ ಎಂಬ ಪದ ಈ ಮೂರರಲ್ಲಿ ಯಾವುದಕ್ಕೆ? ನೀರಿಗಿಳಿದ ದಿನ ಅದು ತೇಲುವ ಒಡಲು, ಒಳಗಿನ ಕೆಲಸ ಬೆಟ್ಟದಷ್ಟು ಬಾಕಿ. ‘ಜಲಾವತರಣ’, ‘ಹಸ್ತಾಂತರ’, ‘ಸೇವೆಗೆ ಸೇರ್ಪಡೆ’ ಎಂದು ಮೂರಕ್ಕೂ ಒಳ್ಳೆಯ ಪದಗಳಿವೆ. ಲೋಕಾರ್ಪಣೆ ಪುಸ್ತಕಕ್ಕಿರಲಿ. ಯುದ್ಧನೌಕೆಯನ್ನು ಲೋಕಕ್ಕೆ ಅರ್ಪಿಸುವುದಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಕೆಪಾಸಿಟಿಗೆ ‘ಸಾಮರ್ಥ್ಯ’ ಬೇರೂರಿದೆ: 40 ಲೀಟರ್ ಸಾಮರ್ಥ್ಯದ ಟ್ಯಾಂಕ್, 500 ಮೆಗಾವಾಟ್ ಸಾಮರ್ಥ್ಯದ ಘಟಕ. ಅದನ್ನು ಕೀಳಲಾಗದು. ಆದ್ದರಿಂದ ಕೇಪಬಿಲಿಟಿಗೆ ‘ಕ್ಷಮತೆ’ ಇಟ್ಟುಕೊಳ್ಳಬಹುದೆಂದು ನನ್ನ ಅಭಿಪ್ರಾಯ.

*

ನಮಸ್ಕಾರ,

ಮೇಲಿನ ಉತ್ತರದಲ್ಲಿ ‘ಮನ್ನಣೆ’, ‘ಕರಾರು’ ಎರಡೂ ನನಗೆ ಒಪ್ಪಿಗೆ. ‘ಕ್ಷಮತೆ’ ಒಪ್ಪಿಗೆಯಿಲ್ಲ. ಅದು ಹಿಂದಿಯ ಅರ್ಥದಲ್ಲಿ ಬಂದ ಸಲಹೆ. ಕನ್ನಡದಲ್ಲಿ ‘ಇಂಧನ ಕ್ಷಮತೆ’ ಎಂದರೆ ಲೀಟರಿಗೆ ಎಷ್ಟು ದೂರ ಎಂಬ ಲೆಕ್ಕ, ‘ದೈಹಿಕ ಕ್ಷಮತೆ’ ಎಂದರೆ ಮೈಯ ಗಟ್ಟಿತನ. ‘ವಾಯುಪಡೆಯ ಕ್ಷಮತೆ ಹೆಚ್ಚಿಸಲು’ ಎಂದು ಬರೆದರೆ, ಈಗ ಇರುವುದನ್ನೇ ಚುರುಕುಗೊಳಿಸುತ್ತಾರೆ ಎಂದು ಓದುಗರು ತಿಳಿಯುತ್ತಾರೆ. ಮೂಲದ ಅರ್ಥವೋ, ಇಂದು ಮಾಡಲಾಗದ ಕೆಲಸವನ್ನು ನಾಳೆ ಮಾಡುವಂತಾಗುವುದು.

ಬದಲಾಯಿಸಬೇಕಾದದ್ದು ಕೆಪಾಸಿಟಿಯ ಕಡೆ. ಅಲ್ಲಿ ಯಾವಾಗಲೂ ಒಂದು ಅಂಕಿ ಇರುತ್ತದೆ, ಅಂಕಿಯನ್ನೇ ಹೇಳಿದರೆ ಪದ ಬೇಡ. ತೇಜಸ್ ತಯಾರಿಕೆಗೆ ಎಚ್‌ಎಎಲ್ ಬಳಿ ಬೆಂಗಳೂರಿನಲ್ಲಿ ಎರಡು, ನಾಸಿಕದಲ್ಲಿ ಒಂದು ಜೋಡಣಾ ಸಾಲು ಇವೆ. ‘ವಾರ್ಷಿಕ 24 ವಿಮಾನಗಳ ಉತ್ಪಾದನಾ ಸಾಮರ್ಥ್ಯ’ ಎನ್ನುವ ಬದಲು ‘ಮೂರೂ ಸಾಲು ಸೇರಿ ವರ್ಷಕ್ಕೆ 24 ವಿಮಾನ ತಯಾರಾಗಬಹುದು’ ಎಂದರೆ ಕನ್ನಡವೂ ಹಗುರ, ‘ಸಾಮರ್ಥ್ಯ’ವೂ ಬಿಡುವಾಗುತ್ತದೆ. ಬಿಡುವಾದದ್ದನ್ನು ಕೇಪಬಿಲಿಟಿಗೆ ಕೊಡಿ.

ಅದಕ್ಕಿಂತ ಉತ್ತಮವಾದ ದಾರಿಯೂ ಇದೆ. ಕನ್ನಡದಲ್ಲಿ ಕೇಪಬಿಲಿಟಿ ನಾಮಪದವಲ್ಲ, ಕ್ರಿಯಾಪದದ ಬಾಲ: ‘ಬಲ್ಲ’. ‘ಅತಿ ಎತ್ತರದ ಪ್ರದೇಶದ ಕಾರ್ಯಾಚರಣಾ ಸಾಮರ್ಥ್ಯವನ್ನು ಪ್ರಚಂಡ್ ಹೊಂದಿದೆ’ ಎಂಬುದನ್ನು ‘ಪ್ರಚಂಡ್ 5,000 ಮೀಟರಿಗಿಂತ ಎತ್ತರದಲ್ಲೂ ಕೆಲಸ ಮಾಡಬಲ್ಲದು’ ಎಂದು ಬಿಡಿಸಿ. ಹಾಗೆ ಬಿಡಿಸಲು ಕೂತಾಗ ಏನು ಮಾಡಬಲ್ಲದು ಎಂಬ ಪ್ರಶ್ನೆಗೆ ಮೂಲದಲ್ಲಿ ಉತ್ತರ ಇದೆಯೋ ಇಲ್ಲವೋ ಎಂಬುದೂ ಹೊರಬೀಳುತ್ತದೆ. ಉತ್ತರ ಇಲ್ಲದಿದ್ದರೆ ಪ್ರಕಟಣೆ ಕೊಟ್ಟವರನ್ನು ಕೇಳಬೇಕು.

ಯೋಜನಾ ದಸ್ತಾವೇಜಿನ ಹೆಸರುಗಳಲ್ಲಿ ಮಾತ್ರ ಬಿಡಿಸಲಾಗದು, ಅಲ್ಲಿ ‘ಸಾಮರ್ಥ್ಯ’ ನಿಲ್ಲಲಿ: ಹತ್ತು ವರ್ಷದ ‘ಸಮಗ್ರ ಸಾಮರ್ಥ್ಯಾಭಿವೃದ್ಧಿ ಯೋಜನೆ’, ಅದರಿಂದ ಇಳಿಯುವ ಐದು ವರ್ಷದ ‘ಬಂಡವಾಳ ಖರೀದಿ ಯೋಜನೆ’, ಕೊನೆಗೆ ಎರಡು ವರ್ಷದ ಮಟ್ಟಿಗಿದ್ದು ಪ್ರತಿವರ್ಷ ಮುಂದೆ ಸರಿಯುವ ‘ವಾರ್ಷಿಕ ಖರೀದಿ ಯೋಜನೆ’. ಈ ಹೆಸರುಗಳಲ್ಲಿ ‘ಅಕ್ವಿಸಿಷನ್’ಗೆ ‘ಸ್ವಾಧೀನ’ ಎಂದು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಭೂಸ್ವಾಧೀನ ಕಂಡ ನಾಡಿನಲ್ಲಿ ‘ಸ್ವಾಧೀನ’ ಎಂದರೆ ಕೊಡುವವನ ಇಷ್ಟ ಕೇಳದೆ ತೆಗೆದುಕೊಳ್ಳುವುದು. ಕ್ಷಿಪಣಿಯನ್ನು ಕಾಸು ಕೊಟ್ಟು ಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ತೇಜಸ್ ವಿಷಯದಲ್ಲಿ ‘ಐಒಸಿ’ (ಆರಂಭಿಕ), ‘ಎಫ್‌ಒಸಿ’ (ಅಂತಿಮ) ಎಂದು ಬಂದರೆ ಕೊನೆಯ ‘ಸಿ’ ಕೇಪಬಿಲಿಟಿ ಅಲ್ಲ, ಕ್ಲಿಯರೆನ್ಸ್. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ಏರೋ ಇಂಡಿಯಾದಲ್ಲಿ ವಾಯುಪಡೆಗೆ ಕೊಟ್ಟದ್ದು ‘ಅಂತಿಮ ಕಾರ್ಯಾಚರಣಾ ಅನುಮತಿ’, ಅಂದರೆ ಈ ವಿಮಾನವನ್ನು ಯುದ್ಧಕ್ಕೆ ಬಳಸಬಹುದೆಂಬ ಪ್ರಮಾಣಪತ್ರ. ಪಾಶ್ಚಾತ್ಯ ಪಡೆಗಳ ಬಳಕೆಯಲ್ಲಿ ಅದೇ ಅಕ್ಷರಗಳ ‘ಸಿ’ ಕೇಪಬಿಲಿಟಿ: ತರಬೇತಾದ ಪೈಲಟ್, ನೆಲದ ಸಿಬ್ಬಂದಿ, ಬಿಡಿಭಾಗ, ಶಸ್ತ್ರ ಎಲ್ಲ ಕೂಡಿ ಘಟಕವೊಂದು ಸಜ್ಜಾಯಿತು ಎಂಬ ಘೋಷಣೆ. ಮೊದಲನೆಯದು ಯಂತ್ರದ ಮಾತು, ಎರಡನೆಯದು ಪಡೆಯ ಮಾತು. ‘ಸಾಮರ್ಥ್ಯ’ ಎಂದು ಎರಡಕ್ಕೂ ಹಾಕಿದರೆ ಪ್ರಮಾಣಪತ್ರವೇ ಪಡೆಯಾಗಿಬಿಡುತ್ತದೆ.

*

ಇಬ್ಬರಿಗೂ ಧನ್ಯವಾದ. ‘ಬಲ್ಲ’ದ ಮಾತು ನಿಜವಾಗಿ ಉಪಕಾರವಾಯಿತು. ನೀವು ಹೇಳಿದಂತೆ ಒಂದು ವಾಕ್ಯ ಕಟ್ಟಿದ್ದೇನೆ, ನೋಡಿ:

‘2023ರ ಮಾರ್ಚ್‌ನಲ್ಲಿ ಅಗತ್ಯಕ್ಕೆ ಮನ್ನಣೆ ದೊರೆತಿದ್ದ 155 ಮಿ.ಮೀ., 52 ವ್ಯಾಸದ 307 ಎಳೆತದ ಫಿರಂಗಿಗಳಿಗೆ 2025ರ ಮಾರ್ಚ್ 26ರಂದು ಖರೀದಿ ಕರಾರಾಯಿತು. ಅವನ್ನು ಎಳೆಯುವ 327 ವಾಹನಗಳೂ ಸೇರಿ ಮೊತ್ತ ಸುಮಾರು 6,900 ಕೋಟಿ ರೂಪಾಯಿ.’

*

ಮನ್ನಣೆ, ಕರಾರು ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿವೆ. ‘52 ವ್ಯಾಸ’ ಮಾತ್ರ ತಪ್ಪು, ಮೂಲದಲ್ಲಿರುವುದು ‘52 ಕ್ಯಾಲಿಬರ್’. ಬಂದೂಕಿನ ಗುಂಡಿಗೆ ಕ್ಯಾಲಿಬರ್ ಎಂದರೆ ವ್ಯಾಸ ನಿಜ. ಫಿರಂಗಿಯಲ್ಲಿ ವ್ಯಾಸವನ್ನು ಆಗಲೇ 155 ಮಿ.ಮೀ. ಎಂದು ಹೇಳಿಯಾಗಿದೆ. ಮುಂದಿನ 52 ನಳಿಗೆಯ ಉದ್ದ: ವ್ಯಾಸದ 52 ಪಟ್ಟು, 155ನ್ನು 52ರಿಂದ ಗುಣಿಸಿದರೆ 8,060 ಮಿ.ಮೀ., ಅಂದರೆ ಎಂಟು ಮೀಟರಿಗಿಂತ ತುಸು ಹೆಚ್ಚು. ಬೋಫೋರ್ಸ್ ಫಿರಂಗಿಯದು 39 ಕ್ಯಾಲಿಬರ್, ಹಾಗಾಗಿ ಸುಮಾರು ಆರು ಮೀಟರ್. ಧನುಷ್ ಫಿರಂಗಿಯದು 45, ಏಳಕ್ಕೆ ಸ್ವಲ್ಪ ಕಡಿಮೆ. ನಳಿಗೆ ಉದ್ದವಾದಷ್ಟೂ ಮದ್ದಿನ ಅನಿಲ ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತದೆ, ಗುಂಡು ಹೆಚ್ಚು ವೇಗದಲ್ಲಿ ಹೊರಟು ಹೆಚ್ಚು ದೂರ ಹೋಗುತ್ತದೆ. ಅದಕ್ಕೇ ಆ ಸಂಖ್ಯೆಯನ್ನು ಹೆಸರಿನ ಜೊತೆಗೇ ಹೇಳುವುದು. ‘155 ಮಿ.ಮೀ., 52 ಕ್ಯಾಲಿಬರ್‌ನ’ ಎಂದು ತಿದ್ದಿ. ಜಾಗ ಇದ್ದರೆ ‘ಎಂಟು ಮೀಟರ್ ನಳಿಗೆಯ’ ಎಂದು ಬರೆಯಿರಿ.