ಸ್ಕಾಟ್ಲೆಂಡಿನ ಕೊಡಗು

"ಥೇಟ್ ಆಗುಂಬೆ ಕಣೋ," ಅಂದ ಸೀನ.

ಗ್ಲಾಸ್ಗೋ ಬಿಟ್ಟು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಬಲಗಡೆ ಲಾಖ್ ಲೋಮಂಡ್ ಶುರುವಾಗಿತ್ತು. ಬೆಟ್ಟದ ತಲೆ ಮೇಲೆ ಮೋಡ ಕೂತಿತ್ತು. ಬರ್ತಿದೆಯೋ ಇಲ್ವೋ ಅಂತ ವೈಪರಿಗೂ ಗೊತ್ತಾಗದಂಥ ಮಳೆ.

"ಆಗುಂಬೇಲಿ ಇಷ್ಟು ದೊಡ್ಡ ಕೆರೆ ಎಲ್ಲಿದೆ?" ಅಂದ ವೆಂಕಿ.

"ಕೆರೆ ಬಿಡು, ಮಳೆ ನೋಡು."

"ಆಗುಂಬೆ ಮಳೆ ಅಂದ್ರೆ ಪಕ್ಕದಲ್ಲಿ ಕೂತೋನ ಮಾತು ಕೇಳಿಸಬಾರದು. ಇಲ್ಲಿ ನೀನು ಮಾತಾಡೋದು ನನಗೆ ಪೂರ್ತಿ ಕೇಳಿಸ್ತಿದೆ. ಅದೇ ಕಷ್ಟ."

ರಮೇಶ ಸ್ಟಿಯರಿಂಗ್ ಹಿಡಿದು ನಕ್ಕ. ಪೊನ್ನು ತೊಡೆ ಮೇಲಿದ್ದ ಚಿತ್ರಾನ್ನದ ಡಬ್ಬಿ ಬೀಳದಂತೆ ಹಿಡಿದುಕೊಂಡಳು. ಅಲ್ಲಿಂದ ಕ್ರಿಯನ್‌ಲಾರಿಕ್ ತಲುಪುವಷ್ಟರಲ್ಲಿ ಚಾರ್ಮಾಡಿ ಘಾಟಿ, ಶಿರಾಡಿ ಘಾಟಿ, ಕೆಮ್ಮಣ್ಣುಗುಂಡಿ ಮೂರೂ ಬಂದು ಹೋದವು. ರಾನಖ್ ಮೂರ್ ಬಂದಾಗ ಮಾತ್ರ ಸೀನನಿಗೆ ಕಷ್ಟ ಆಯ್ತು. ಕಣ್ಣು ಹಾಯಿಸಿದಷ್ಟೂ ಕಂದು ಹುಲ್ಲು, ಕಪ್ಪು ನೀರಿನ ಗುಂಡಿ. ಅದರ ಮೇಲೆ ರೈಲ್ವೆ ಹಳಿ ಹಾಕೋಕೆ ಹೋದಾಗ ಹಾಕಿದ ಮಣ್ಣೆಲ್ಲ ಕೆಸರಲ್ಲಿ ಮುಳುಗ್ತಿತ್ತಂತೆ. ಕೊನೆಗೆ ಮರದ ಬೇರು, ಸೌದೆ, ಬೂದಿ ಸುರಿದು ಅದರ ಮೇಲೆ ಹಳಿಯನ್ನ ತೇಲಿಸಿದ್ರಂತೆ. 1894ರಿಂದ ರೈಲು ಹಾಗೇ ಓಡ್ತಿದೆ.

"ಇದು... ಕುದುರೆಮುಖದ ಹುಲ್ಲುಗಾವಲನ್ನ ತಟ್ಟೆ ಥರ ಚಪ್ಪಟೆ ಮಾಡಿದ್ರೆ..." ಅಂತ ಸೀನ ಶುರು ಮಾಡಿದ.

"ಗಾಡಿ ನಿಲ್ಸೋ ರಮೇಶ," ಅಂದ ವೆಂಕಿ. "ಇವನನ್ನ ಇಲ್ಲೇ ತೇಲಿಸೋಣ."

ವೆಂಕಿಗೆ ಈ ಹೋಲಿಕೆಯ ಚಟ ಕಂಡರೆ ಆಗಲ್ಲ. ಬರೀ ಸೀನನ ಚಟ ಅಲ್ಲ, ಲೋಕದ್ದೇ. ಯಾವ ಊರಿಗೂ ಅದರದ್ದೇ ಹೆಸರು ಸಾಲಲ್ಲ ಅನ್ನೋದು ಅವನ ತಕರಾರು. "ಕೊಡಗು ಭಾರತದ ಸ್ಕಾಟ್ಲೆಂಡು. ಸರಿ. ಶಿಲ್ಲಾಂಗು ಪೂರ್ವದ ಸ್ಕಾಟ್ಲೆಂಡು. ಹಂಗಾದ್ರೆ ಒಂದು ದೇಶಕ್ಕೆ ಎರಡು ಸ್ಕಾಟ್ಲೆಂಡ್ ಯಾಕೆ? ಅಹಮದಾಬಾದು ಭಾರತದ ಮ್ಯಾಂಚೆಸ್ಟರ್, ಕೊಯಮತ್ತೂರು ದಕ್ಷಿಣದ ಮ್ಯಾಂಚೆಸ್ಟರ್, ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್. ಇರೋ ಒಂದು ಮ್ಯಾಂಚೆಸ್ಟರಿಗೆ ಇಷ್ಟು ಜನ ವಾರಸುದಾರರು."

"ನಾನು ದಾವಣಗೆರೆಯವನೇ," ಅಂದ ರಮೇಶ. "ಹೋದ ವರ್ಷ ಮ್ಯಾಂಚೆಸ್ಟರಿಗೆ ಹೋಗಿದ್ದೆ. ಮೂರು ದಿನ ಹುಡುಕಿದೆ, ಬೆಣ್ಣೆ ದೋಸೆ ಸಿಗಲಿಲ್ಲ."

"ಅದೇ ನಾನೂ ಹೇಳ್ತಿರೋದು. ಹೋಲಿಸಿದ ಮೇಲೆ ಎರಡೂ ಕಡೆ ಜವಾಬ್ದಾರಿ ಇರಬೇಕು."

"ನಿಮ್ಮ ಚಳ್ಳಕೆರೆನ ಎರಡನೇ ಬಾಂಬೆ ಅಂತಾರಲ್ಲ?" ಅಂತ ಪೊನ್ನು ಹಿಂದಿನ ಸೀಟಿಂದ ಚುಚ್ಚಿದಳು.

ವೆಂಕಿ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿದ. "ಅದು ಎಣ್ಣೆ ಮಿಲ್ಲಿನ ವಿಷಯ. ಅದು ಬೇರೆ."

ಪೊನ್ನು ವಿರಾಜಪೇಟೆಯವಳು. ಈ ಸ್ಕಾಟ್ಲೆಂಡ್ ಹೆಸರಿನ ಕಾಟ ಅವಳಿಗಿಂತ ಜಾಸ್ತಿ ಯಾರಿಗೆ ಗೊತ್ತು? "ಇಲ್ಲಿಗೆ ಬಂದ ಹೊಸದರಲ್ಲಿ ಆಫೀಸಲ್ಲಿ ಯಾವ ಊರು ಅಂತ ಕೇಳಿದ್ರು. ಖುಷಿಯಾಗಲಿ ಅಂತ, ಇಂಡಿಯಾದ ಸ್ಕಾಟ್ಲೆಂಡ್ ಅಂದೆ. 'ಅಯ್ಯೋ ಪಾಪ, ಅಲ್ಲೂ ಹಿಂಗೇ ಮಳೆನಾ?' ಅಂದ್ರು."

"ನೋಡಿದ್ಯಾ! ಅವರು ಯಾರಾದ್ರೂ ಗ್ಲೆನ್‌ಕೋನ ಸ್ಕಾಟ್ಲೆಂಡಿನ ಕೊಡಗು ಅಂತ ಬೋರ್ಡ್ ಹಾಕಿದಾರಾ? ಇಲ್ಲ. ಅವರಿಗೆ ಅವರ ಊರು ಅವರ ಊರೇ."

"ಸುಮ್ನಿರೋ. ಎಡಿನ್‌ಬರಾನ ಇವರೇ ಉತ್ತರದ ಅಥೆನ್ಸ್ ಅಂತಾರೆ," ಅಂದಳು ಪೊನ್ನು. "ಅಥೆನ್ಸಿನ ದೇವಸ್ಥಾನ ಹೆಂಗಿದೆಯೋ ಹಂಗೇ ಒಂದು ಕಟ್ತೀವಿ ಅಂತ 1826ರಲ್ಲಿ ಕ್ಯಾಲ್ಟನ್ ಗುಡ್ಡದ ಮೇಲೆ ಶುರು ಮಾಡಿದ್ರು. ಮೂರು ವರ್ಷಕ್ಕೆ ದುಡ್ಡು ಖಾಲಿ. ಹನ್ನೆರಡು ಕಂಬ ಇವತ್ತಿಗೂ ಹಂಗೇ ನಿಂತಿವೆ."

ವೆಂಕಿಗೆ ಹಬ್ಬವಾಯ್ತು. "ಹೋಲಿಕೆ ಮಾಡಕ್ಕೆ ಹೋದ್ರೆ ಇದೇ ಗತಿ. ಹನ್ನೆರಡು ಕಂಬಕ್ಕೆ ನಿಲ್ತೀವಿ. ಸೀನ, ಇನ್ನು ಮೇಲೆ ಥೇಟ್ ಅಂತ ಬಾಯಿಬಿಟ್ರೆ ಇವತ್ತಿನ ಪೆಟ್ರೋಲ್ ನಿಂದೇ."

"ಯಾರು ಹೋಲಿಸಿದ್ರೂ?" ಅಂದ ಸೀನ.

"ಯಾರು ಹೋಲಿಸಿದ್ರೂ."

ಗ್ಲೆನ್‌ಕೋ ದಾಟುವವರೆಗೂ ಸೀನ ಬಾಯಿ ಬಿಡಲಿಲ್ಲ. ಮೂರು ಬೆಟ್ಟ ಒಟ್ಟಿಗೆ ರಸ್ತೆ ಕಡೆ ಬಗ್ಗಿ ನೋಡುವ ಜಾಗದಲ್ಲಿ ಮಾತ್ರ ಅವನ ತುಟಿ ಅಲುಗಾಡಿದ್ದನ್ನ ನಾವೆಲ್ಲ ನೋಡಿದೆವು.

ಚಿತ್ರಾನ್ನದ ಡಬ್ಬಿ ತೆಗೆದದ್ದು ಫೋರ್ಟ್ ವಿಲಿಯಂನಲ್ಲಿ, ಬೆನ್ ನೆವಿಸ್ ಕೆಳಗೆ. ಬ್ರಿಟನ್ನಿಗೇ ಎತ್ತರದ ಬೆಟ್ಟ ಅದು, 1345 ಮೀಟರ್. ತುದಿ ಮೋಡದೊಳಗಿತ್ತು, ಹಾಗಾಗಿ ಎತ್ತರವನ್ನ ನಂಬಿಕೊಳ್ಳಬೇಕಾಯ್ತು.

"ಒಂದು ಅಂಕಿ ಹೇಳ್ತೀನಿ. ಇದು ಹೋಲಿಕೆ ಅಲ್ಲ," ಅಂದ ಸೀನ. "ಮುಳ್ಳಯ್ಯನಗಿರಿ 1930 ಮೀಟರ್. ಹತ್ತಿರತ್ತಿರ ತುದಿವರೆಗೂ ಗಾಡಿ ಹೋಗುತ್ತೆ."

"ಚಿಕ್ಕಮಗಳೂರು ಪೇಟೆನೇ ಸಾವಿರ ಮೀಟರ್ ಮೇಲಿದೆ," ಅಂದಳು ಪೊನ್ನು. "ಇಲ್ಲಿ ಸಮುದ್ರದ ಪಕ್ಕದಿಂದ ಹತ್ತಬೇಕು. ಅರ್ಧ ಮಹಡಿಯಿಂದ ಹತ್ತಿ ಪೂರ್ತಿ ಹತ್ತಿದೆ ಅನ್ಬೇಡ."

ಅಂಕಿಗೆ ದಂಡ ಇಲ್ಲ ಅಂತ ತೀರ್ಮಾನ ಆಯ್ತು. ಶೇಂಗಾ ಯಾರಿಗೆ ಜಾಸ್ತಿ ಬಂತು ಅನ್ನೋದು ತೀರ್ಮಾನ ಆಗಲಿಲ್ಲ.

ಗ್ಲೆನ್‌ಫಿನನ್‌ಗೆ ಹೋಗಲೇಬೇಕು ಅಂತ ರಮೇಶನ ಹಟ. ಇಪ್ಪತ್ತೊಂದು ಕಮಾನಿನ ರೈಲ್ವೆ ಸೇತುವೆ, 1901ರದ್ದು, ಬರೀ ಕಾಂಕ್ರೀಟು. ಹಬೆ ರೈಲು ಬಂತು, ಇನ್ನೂರು ಕೈ ಫೋನ್ ಹಿಡಿದು ಮೇಲೆದ್ದವು, ನಮಗೆ ಕಂಡಿದ್ದು ಮುಂದಿದ್ದವನ ಫೋನಿನಲ್ಲಿ ಕಂಡಷ್ಟು ರೈಲು.

"ದೂಧ್‌ಸಾಗರ್..." ಅಂತ ಸೀನನ ಬಾಯಿಂದ ಜಾರಿತು.

"ಹಾಲೆಲ್ಲೋ?" ಅಂದ ವೆಂಕಿ. "ಹೋಗ್ಲಿ. ಥೇಟ್ ಅನ್ನಲಿಲ್ಲ, ಬಿಟ್ಟಿದೀನಿ."

ವಾಪಸ್ ಬರುವಾಗ ಸಂಜೆ ಏಳೂವರೆ. ಜೂನ್ ತಿಂಗಳಲ್ಲಿ ಇಲ್ಲಿ ಏಳೂವರೆ ಅಂದ್ರೆ ಮಟಮಟ ಮಧ್ಯಾಹ್ನ, ಸೂರ್ಯನಿಗೆ ಮನೆಗೆ ಹೋಗೋ ಅವಸರವೇ ಇಲ್ಲ. ಗ್ಲೆನ್‌ಕೋ ಕಣಿವೆಯಲ್ಲಿ ಕಾಲು ಆಡಿಸೋಕೆ ಇಳಿದೆವು. ಗಾಳಿ ನಿಂತಿತ್ತು, ಮಿಜ್ ಮುತ್ತಿಕೊಂಡವು. ಸಾಸಿವೆಗಿಂತ ಚಿಕ್ಕ ನುಸಿ, ಕಿವಿ, ಕೂದಲು, ಕನ್ನಡಕದ ಒಳಗೆ ಎಲ್ಲ ಕಡೆ.

"ನಮ್ಮ ಉಂಬಳ ವಾಸಿ," ಅಂದಳು ಪೊನ್ನು, ಕೆನ್ನೆಗೆ ಹೊಡ್ಕೊಳ್ತಾ. "ಒಂದೊಂದಾಗಿ ಬರ್ತವೆ. ಕಿತ್ತು ಹಾಕಬಹುದು."

"ಹೋಲಿಕೆ!" ಅಂದ ರಮೇಶ.

"ಇದು ದೂರು."

"ಎಷ್ಟು ಖಾಲಿ ನೋಡ್ರೋ," ಅಂತ ರಮೇಶ ಕೈ ಅಗಲ ಮಾಡಿದ. "ಒಂದು ಮನೆ ಇಲ್ಲ. ಎಂಥ ಶಾಂತಿ!"

ಹುಲ್ಲಿನ ಮಧ್ಯೆ ಮೊಣಕಾಲೆತ್ತರದ ಕಲ್ಲಿನ ಗೋಡೆ ಇತ್ತು. ನಾಲ್ಕು ಮೂಲೆ ಗೊತ್ತಾಗ್ತಿದ್ದವು, ಒಂದು ಕಡೆ ಬಾಗಿಲಿನಷ್ಟು ಬಿಟ್ಟ ಜಾಗ. ಒಳಗೆ ಕುರಿ ಹಿಕ್ಕೆ.

"ಖಾಲಿ ಇರಲಿಲ್ಲ, ಖಾಲಿ ಮಾಡಿಸಿದ್ದು," ಅಂದಳು ಪೊನ್ನು. "ಹೈಲ್ಯಾಂಡ್ಸ್ ತುಂಬ ಇಂಥ ಗೋಡೆ ಇವೆ. 18ನೇ ಶತಮಾನದಲ್ಲಿ ಶುರುವಾಗಿ ನೂರು ವರ್ಷ ನಡೀತು. ಜನರ ಗೇಣಿಗಿಂತ ಕುರಿ ಉಣ್ಣೆ ಲಾಭ ಅಂತ ಜಮೀನ್ದಾರರು ಊರೂರೇ ಎಬ್ಬಿಸಿದ್ರು. ಕೆಲವರು ಸಮುದ್ರದ ದಡಕ್ಕೆ, ಕೆಲವರು ಗ್ಲಾಸ್ಗೋಗೆ, ಎಷ್ಟೋ ಜನ ಹಡಗು ಹತ್ತಿ ಕೆನಡಾಗೆ. ಅಲ್ಲಿ ನೋವಾ ಸ್ಕೋಶಿಯಾ ಅಂತ ಒಂದು ಸೀಮೆನೇ ಇದೆ. ಹೊಸ ಸ್ಕಾಟ್ಲೆಂಡ್ ಅಂತ ಅರ್ಥ."

"ಅಲ್ಲೂ ಒಂದು ಸ್ಕಾಟ್ಲೆಂಡಾ!" ಅಂದ ವೆಂಕಿ. ಆದರೆ ಬೆಳಗಿನ ಜೋರು ಇರಲಿಲ್ಲ.

"ಕೊಡಗಿನ ಹೆಸರೂ ಹಂಗೇ ಇರಬೇಕು," ಅಂದಳು ಪೊನ್ನು. "ಯಾವನೋ ಕಾಫಿ ತೋಟದ ದೊರೆ, ಮಳೆಗಾಲದಲ್ಲಿ ಒಬ್ಬನೇ ಜಗುಲಿಲಿ ಕೂತು, ಥೇಟ್ ನಮ್ಮೂರು ಕಣೋ ಅಂದಿರ್ತಾನೆ. ಕೇಳೋಕೆ ಪಕ್ಕದಲ್ಲಿ ವೆಂಕಿ ಇರಲಿಲ್ಲ."

ಎಲ್ಲರೂ ಸೀನನ ಕಡೆ ನೋಡಿದೆವು. ಈಗ ಅಂದೇ ಅಂತಾನೆ ಅಂತ. ಸೀನ ಗೋಡೆ ಮೇಲಿನ ಒಂದು ಕಲ್ಲನ್ನ ಹಿಡಿದು ನಿಂತಿದ್ದ, ಮಿಜ್ ಓಡಿಸೋದನ್ನೂ ಬಿಟ್ಟು.

"ಏನೋ, ಇದು ಯಾವ ಥರ ಇದೆ?" ಅಂತ ರಮೇಶನೇ ಕೇಳಿದ.

"ಯಾವ ಥರಾನೂ ಇಲ್ಲ." ಸ್ವಲ್ಪ ಹೊತ್ತಾದ ಮೇಲೆ ಅಂದ, "ಇಲ್ಲಿ ಗೋಡೆಯಾದ್ರೂ ಇದೆ."

ಸೀನನ ಅಜ್ಜಿ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಆಚೆ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ತೋಟ, ಮನೆ, ದಾರಿ ಎಲ್ಲ ನೀರಿಗೆ ಹೋಯ್ತು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೆಯೇ ಮುಳುಗಿ ಹೋಯ್ತು ಅಂದ ಮೇಲೆ ಮನೆ ಯಾವ ಲೆಕ್ಕ? ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ಆ ಹಳೇ ಅಣೆಕಟ್ಟೆ ಮೇಲೆ ಕಾಣುತ್ತೆ. ಆಗ ಅಜ್ಜಿ ದಡಕ್ಕೆ ಕರ್ಕೊಂಡು ಹೋಗಿ, ಬರೀ ನೀರಿನ ಕಡೆ ಬೆರಳು ತೋರಿಸಿ, "ಅಲ್ಲಿ ಬಾವಿ, ಇತ್ಲಾಗೆ ಕೊಟ್ಟಿಗೆ" ಅಂತ ಹೇಳ್ತಿದ್ರಂತೆ. ಎಂಟು ವರ್ಷದಿಂದ ಸೀನ ನಮ್ಮ ಜೊತೆ ಇದಾನೆ. ಇಷ್ಟು ಊರು ಹೋಲಿಸಿದೋನು ಇದೊಂದು ಊರಿನ ಹೆಸರು ಎತ್ತಿರಲಿಲ್ಲ.

ಯಾರೂ ಏನೂ ಹೇಳಲಿಲ್ಲ. ಮಿಜ್ ಜಾಸ್ತಿ ಆದವು, ಕಾರಿಗೆ ಓಡಿದೆವು.

ಲಾಖ್ ಲೋಮಂಡ್ ಮತ್ತೆ ಬಂದಾಗ ಒಂಬತ್ತೂವರೆ. ಈ ಸಲ ಎಡಗಡೆ. ನೀರು ಅಲುಗಾಡದೆ ಬಿದ್ದಿತ್ತು, ಬೆಟ್ಟ ತಲೆಕೆಳಗಾಗಿ ಅದರೊಳಗೆ. ಪೊನ್ನು ಖಾಲಿ ಡಬ್ಬಿ ತಬ್ಬಿಕೊಂಡು ನಿದ್ದೆ ಹೋಗಿದ್ದಳು. ವೆಂಕಿ ಬಹಳ ಹೊತ್ತು ಆ ಕಡೆ ನೋಡಿದ.

"ಸೀನ," ಅಂದ ಮೆಲ್ಲಗೆ. "ನಿಮ್ಮ ಹಿನ್ನೀರು ಹೀಗೇ ಇರುತ್ತಾ?"

ಸೀನ ಕತ್ತು ಮುಂದೆ ಚಾಚಿ ನೋಡಿದ. "ಇಲ್ಲ ಕಣೋ. ಅಲ್ಲಿ ನೀರೊಳಗೆ ಒಣಗಿದ ಮರ ನಿಂತಿರ್ತವೆ."

ರಮೇಶ ಇಂಡಿಕೇಟರ್ ಹಾಕಿದ. "ವೆಂಕಿ, ಮುಂದೆ ಬಂಕ್ ಇದೆ. ಕಾರ್ಡ್ ತೆಗೆದಿಟ್ಕೋ."