‘ಸೈಟೇಶನ್’ ಬಿನ್ನವತ್ತಳೆಯೇ, ಉಲ್ಲೇಖವೇ? ಕ್ಯಾನ್ಸರ್ ಸಂಶೋಧಕರೊಬ್ಬರ ಪರಿಚಯ ಬರೆಯುವಾಗ ಎದುರಾದ ಪದಗಳು

ಮಾನ್ಯರೇ,

ವಿಜ್ಞಾನಿಗಳ ಪರಿಚಯಗಳ ಸಂಕಲನವೊಂದಕ್ಕೆ ಕ್ಯಾನ್ಸರ್ ಸಂಶೋಧಕ ಪೇಟನ್ ರೌಸ್ ಅವರ ಬಗ್ಗೆ ನಾಲ್ಕು ಪುಟ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಅವರ ಬದುಕು, ಪ್ರಯೋಗ, ನೊಬೆಲ್ ಪ್ರಶಸ್ತಿ ಇವನ್ನು ಹೇಳುವಾಗ ಕನ್ನಡ ಎಲ್ಲಿಯೂ ಕೈಕೊಡಲಿಲ್ಲ. ತೊಡಕಾದದ್ದು ಕೊನೆಯ ಪುಟದಲ್ಲಿ. ಅವರು ಏನೇನು ಪ್ರಕಟಿಸಿದರು, ಯಾರು ಯಾರು ಅದನ್ನು ಆಧರಿಸಿ ಮುಂದೆ ನಡೆದರು, ಅದರಿಂದ ಆ ವಿಷಯದ ತಿಳಿವಳಿಕೆ ಹೇಗೆ ಬದಲಾಯಿತು ಎಂಬುದನ್ನು ಅಲ್ಲಿ ಹೇಳಬೇಕಿತ್ತು. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಪಬ್ಲಿಕೇಶನ್ ರೆಕಾರ್ಡ್, ಸೈಟೇಶನ್, ಇಂಪ್ಯಾಕ್ಟ್ ಎಂಬ ಸಿದ್ಧ ಪದಗಳಿವೆ. ಇವಕ್ಕೆ ನಾವು ಕನ್ನಡದಲ್ಲಿ ಬಳಸುತ್ತಿರುವ ಪದಗಳು ತಮ್ಮ ಹಳೆಯ ಸಂಸಾರವನ್ನೆಲ್ಲ ಕಟ್ಟಿಕೊಂಡೇ ಬರುತ್ತವೆಯಾದ್ದರಿಂದ, ವಾಕ್ಯ ಬರೆದು ಮುಗಿಸಿದ ಮೇಲೆ ನಾನು ಹೇಳಬೇಕೆಂದಿದ್ದುದು ಇದಲ್ಲ ಎನಿಸುತ್ತಿದೆ. ನನ್ನ ತೀರ್ಮಾನಗಳನ್ನೂ ಉಳಿದ ಅನುಮಾನಗಳನ್ನೂ ಕೆಳಗೆ ಇಟ್ಟಿದ್ದೇನೆ. ಬಲ್ಲವರು ತಿದ್ದಬೇಕೆಂದು ಕೋರುತ್ತೇನೆ.

ಮೊದಲು ‘ಸೈಟೇಶನ್’, ಅಂದರೆ ಒಂದು ಲೇಖನ ತನಗೆ ಆಧಾರವಾದ ಹಿಂದಿನ ಲೇಖನವನ್ನು ತೋರಿಸುವುದು. ಕೆಲವು ವರ್ಷಗಳ ಹಿಂದೆ ಕರಡು ತಿದ್ದಲು ನನ್ನ ಬಳಿ ಬಂದಿದ್ದ ಒಂದು ಅನುವಾದದಲ್ಲಿ, ಜೀವವಿಜ್ಞಾನಿಯೊಬ್ಬರ ಸಂಶೋಧನೆಗೆ ‘ಎರಡು ಸಾವಿರಕ್ಕೂ ಹೆಚ್ಚು ಬಿನ್ನವತ್ತಳೆಗಳು ಸಂದಿವೆ’ ಎಂದಿತ್ತು. ಎರಡು ಸಾವಿರ ಬಾರಿ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು ನಿಂತ ವಿಜ್ಞಾನಿಯ ಚಿತ್ರ ಕಣ್ಣಮುಂದೆ ಬಂದು ನಗು ಬಂದರೂ, ಅನುವಾದಕರನ್ನು ದೂರುವಂತಿರಲಿಲ್ಲ. ಸನ್ಮಾನದ ಸಭೆಯಲ್ಲಿ ಓದಿ ಒಪ್ಪಿಸುವ ಪತ್ರಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಅದಕ್ಕೆ ಬಿನ್ನವತ್ತಳೆ ಎಂಬುದು ಸೊಗಸಾದ, ಸರಿಯಾದ ಪದವೇ. ವಕೀಲರ ಬಾಯಲ್ಲಿ ಇದೇ ಪದಕ್ಕೆ ಮೂರನೆಯ ಅರ್ಥವಿದೆ. ನಮ್ಮ ನ್ಯಾಯಾಲಯಗಳಲ್ಲಿ ವಾದಕ್ಕೆ ಬೆಂಬಲವಾಗಿ ಹಿಂದಿನ ತೀರ್ಪನ್ನು ಸಂಪುಟ, ವರ್ಷ, ಪುಟಸಂಖ್ಯೆಗಳ ಸಹಿತ ತೋರಿಸುವುದನ್ನು ‘ಸೈಟೇಶನ್ ಕೊಡುವುದು’ ಎಂದೇ ಹೇಳುತ್ತಾರೆ. ವಿಜ್ಞಾನದ ಬಳಕೆ ಈ ಮೂರನೆಯದಕ್ಕೆ ಹತ್ತಿರದ್ದು, ಅದೂ ಆಕಸ್ಮಿಕವಾಗಿ ಅಲ್ಲ. ಯಾವ ವಿಜ್ಞಾನ ಲೇಖನವನ್ನು ಮುಂದೆ ಯಾರು ಯಾರು ಆಧಾರವಾಗಿ ತೋರಿಸಿದ್ದಾರೆ ಎಂಬುದರ ಸೂಚಿಯೊಂದು ಬೇಕೆಂದು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದ ಯೂಜೀನ್ ಗಾರ್‌ಫೀಲ್ಡ್, ಅಮೆರಿಕದ ವಕೀಲರು ಹತ್ತೊಂಬತ್ತನೆಯ ಶತಮಾನದಿಂದ ಬಳಸುತ್ತಿದ್ದ ತೀರ್ಪುಗಳ ಸೂಚಿಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರು.

ಕನ್ನಡದಲ್ಲಿ ಇದಕ್ಕೆ ಉಲ್ಲೇಖ, ಉದ್ಧರಣೆ, ಉದಾಹೃತಿ ಎಂಬ ಪದಗಳು ಚಲಾವಣೆಯಲ್ಲಿವೆ. ಉದ್ಧರಣೆ ಎಂದರೆ ಮತ್ತೊಬ್ಬರ ಮಾತನ್ನು ಅವರ ಪದಗಳಲ್ಲೇ ಎತ್ತಿ ಕೊಡುವುದು. ವಿಜ್ಞಾನದ ಲೇಖನಗಳಲ್ಲಿ ಹಾಗೆ ಮಾಡುವುದು ಅಪರೂಪ. ಅಲ್ಲಿ ಮಾತನ್ನು ಎತ್ತಿಕೊಳ್ಳುವುದಿಲ್ಲ, ಮಾತು ಇರುವ ಜಾಗವನ್ನು ತೋರಿಸುತ್ತಾರೆ. ಆದುದರಿಂದ ಉದ್ಧರಣೆಯನ್ನು ಬಿಟ್ಟೆ. ಉದಾಹೃತಿ ಕಿವಿಗೆ ಗಂಭೀರವಾಗಿದ್ದರೂ ಉದಾಹರಣೆಯ ಕಡೆಗೆ ವಾಲುತ್ತದೆ. ಹಳೆಯ ವ್ಯಾಕರಣಗಳ ಕಡೆ ನೋಡಿದರೆ, ಕೇಶಿರಾಜನು ಗಜಗ, ಗುಣನಂದಿ ಮೊದಲಾದ ಕವಿಗಳನ್ನು ಹೆಸರಿಸಿ ಅವರ ಮಾರ್ಗವೇ ತನ್ನ ಗ್ರಂಥಕ್ಕೆ ‘ಲಕ್ಷ್ಯ’ ಎನ್ನುತ್ತಾನೆ. ಆಧಾರವನ್ನು ಹೆಸರಿಟ್ಟು ತೋರಿಸುವ ಕ್ರಿಯೆಗೆ ಇಷ್ಟು ಒಪ್ಪುವ ಪದ ಇನ್ನೊಂದಿಲ್ಲ ಎಂದು ಒಂದು ದಿನವೆಲ್ಲ ಸಂತೋಷಪಟ್ಟೆ. ಆದರೆ ಇಂದಿನ ಓದುಗರಿಗೆ ‘ಲಕ್ಷ್ಯ’ ಎಂದರೆ ಗಮನ, ಇಲ್ಲವೇ ಗುರಿ. ‘ಈ ಲೇಖನಕ್ಕೆ ಐನೂರು ಲಕ್ಷ್ಯಗಳಿವೆ’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು.

ಕೊನೆಗೆ ನನ್ನನ್ನು ‘ಉಲ್ಲೇಖ’ದ ಕಡೆ ಒಲಿಸಿದ್ದು ಸರ್ಕಾರಿ ಪತ್ರ. ನಮ್ಮ ಯಾವುದೇ ಕಚೇರಿಯ ಪತ್ರದಲ್ಲಿ ‘ವಿಷಯ’ ಎಂಬ ಸಾಲಿನ ಕೆಳಗೆ ‘ಉಲ್ಲೇಖ’ ಎಂಬ ಸಾಲು ಇರುತ್ತದೆ. ಈ ಪತ್ರಕ್ಕೆ ಆಧಾರವಾದ ಹಿಂದಿನ ಪತ್ರ ಯಾವುದು, ಅದರ ಸಂಖ್ಯೆ ಎಷ್ಟು, ದಿನಾಂಕ ಯಾವುದು ಎಂಬುದನ್ನು ಅಲ್ಲಿ ನಮೂದಿಸುತ್ತಾರೆ. ವಿಜ್ಞಾನದ ಸೈಟೇಶನ್ ಮಾಡುವ ಕೆಲಸವೂ ಇದೇ. ಹಳ್ಳಿಯ ಪಂಚಾಯಿತಿ ಕಚೇರಿಯವರೆಗೂ ಎಲ್ಲರೂ ನಿತ್ಯ ಬಳಸುವ ಪದವನ್ನು ಬಿಟ್ಟು ಹೊಸದೊಂದನ್ನು ಟಂಕಿಸುವ ಅಗತ್ಯ ನನಗೆ ಕಾಣಲಿಲ್ಲ. ಆದರೆ ಇದಕ್ಕೊಂದು ಷರತ್ತಿದೆ. ‘ಅವರು ಭಾಷಣದಲ್ಲಿ ಮಳೆಯ ಕೊರತೆಯನ್ನು ಉಲ್ಲೇಖಿಸಿದರು’ ಎಂಬಂತಹ ವಾಕ್ಯಗಳಲ್ಲಿ ಉಲ್ಲೇಖ ಎಂದರೆ ಬರಿಯ ಪ್ರಸ್ತಾಪ. ಆಧಾರದ ಜಾಗ ತೋರಿಸುವುದಕ್ಕೆ ಮಾತ್ರ ಉಲ್ಲೇಖ, ಹೆಸರೆತ್ತುವುದಕ್ಕೆ ಪ್ರಸ್ತಾಪ ಎಂದು ಬರೆಯುವವರು ಕಟ್ಟುನಿಟ್ಟಾಗಿ ಬೇರೆಮಾಡಿದರಷ್ಟೇ ಈ ಪದ ನಿಲ್ಲುತ್ತದೆ.

ಈ ಭೇದ ಕೂದಲು ಸೀಳುವ ಮಾತಲ್ಲ ಎಂಬುದಕ್ಕೆ ರೌಸ್ ಅವರೇ ಸಾಕ್ಷಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಅವರು ಕೋಳಿಯ ಗಡ್ಡೆಯೊಂದನ್ನು ಅರೆದು, ಜೀವಕೋಶಗಳಾಗಲಿ ಬ್ಯಾಕ್ಟೀರಿಯಾಗಳಾಗಲಿ ದಾಟಲಾರದಷ್ಟು ಸೂಕ್ಷ್ಮವಾಗಿ ಸೋಸಿ, ಉಳಿದ ದ್ರವವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲೂ ಅದೇ ಗಡ್ಡೆ ಬೆಳೆಯಿತು. ಇದನ್ನು ವರದಿ ಮಾಡಿದ ಲೇಖನ 1911ರಲ್ಲಿ ‘ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ವೈರಸ್ ಎಂಬ ಪದವಿಲ್ಲ. ‘ಏಜೆಂಟ್’ ಎಂಬ ಎಚ್ಚರದ ಪದವಿದೆ. (ಇದನ್ನು ‘ಕಾರಕ’ ಎಂದು ಕನ್ನಡಿಸಿದ್ದೇನೆ. ಏಜೆಂಟ್ ಎಂದೇ ಬಿಟ್ಟರೆ ನಮ್ಮವರಿಗೆ ಮೊದಲು ನೆನಪಾಗುವುದು ಜೀವವಿಮೆ.) ಕೋಳಿಯ ಗಡ್ಡೆಗೂ ಮನುಷ್ಯರ ಕ್ಯಾನ್ಸರಿಗೂ ಏನು ಸಂಬಂಧ, ಅದು ನಿಜವಾದ ಕ್ಯಾನ್ಸರೇ ಹೌದೇ ಎಂದು ಬಹಳ ಮಂದಿ ಅದನ್ನು ಪಕ್ಕಕ್ಕಿಟ್ಟರು. ಇಲಿಗಳಲ್ಲಿ ಅಂಥದೇ ಕಾರಕ ಸಿಗದೆ ಹೋದಾಗ ರೌಸ್ ಅವರೂ ಆ ದಾರಿ ಬಿಟ್ಟು, ರಕ್ತವನ್ನು ಕೆಡದಂತೆ ಕಾಪಿಡುವ ದ್ರಾವಣದಂತಹ ಬೇರೆ ಕೆಲಸಗಳಿಗೆ ಹೊರಳಿದರು. ಕ್ಯಾನ್ಸರಿನ ಕಡೆಗೆ ಮರಳಿದ್ದು 1930ರ ದಶಕದಲ್ಲಿ, ರಿಚರ್ಡ್ ಶೋಪ್ ಮೊಲಗಳ ಗಂಟುಗಳಲ್ಲಿ ವೈರಸ್ ಕಂಡುಹಿಡಿದ ಮೇಲೆ. ನೊಬೆಲ್ ಬಂದದ್ದು 1966ರಲ್ಲಿ, ಲೇಖನ ಪ್ರಕಟವಾದ 55 ವರ್ಷಗಳ ಬಳಿಕ, ಅವರ 87ನೆಯ ವಯಸ್ಸಿನಲ್ಲಿ.

ಅಷ್ಟರಲ್ಲಿ ಆ ಕಾರಕಕ್ಕೆ ‘ರೌಸ್ ಸಾರ್ಕೋಮಾ ವೈರಸ್’ ಎಂದು ಹೆಸರಾಗಿತ್ತು. ಹೋವರ್ಡ್ ಟೆಮಿನ್ ಅವರನ್ನು ಆರ್‌ಎನ್‌ಎಯಿಂದ ಡಿಎನ್‌ಎ ಕಟ್ಟುವ ಕಿಣ್ವದೆಡೆಗೆ ಕರೆದೊಯ್ದದ್ದು ಇದೇ ವೈರಸ್. ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ತಮ್ಮ ಸಂಗಡಿಗರೊಂದಿಗೆ 1976ರಲ್ಲಿ ತೋರಿಸಿದ್ದು, ಇದೇ ವೈರಸ್ಸಿನಲ್ಲಿರುವ ಕ್ಯಾನ್ಸರ್ ಜೀನಿನ ಮೂಲ ಆರೋಗ್ಯವಂತ ಕೋಳಿಯ ಜೀವಕೋಶದಲ್ಲಿಯೇ ಇದೆ ಎಂಬುದನ್ನು. ಈ ವೈರಸ್ಸಿನ ಮೇಲೆ ಬರೆದವರೆಲ್ಲ ರೌಸ್ ಅವರ ಹೆಸರು ಹೇಳುತ್ತಾರೆ, ಆದರೆ ಹೆಸರು ಹೇಳಿದವರೆಲ್ಲ 1911ರ ಲೇಖನವನ್ನು ಆಧಾರಪಟ್ಟಿಯಲ್ಲಿ ಸೇರಿಸುವುದಿಲ್ಲ. ಹೆಸರೇ ವಸ್ತುವಿನ ಹೆಸರಾಗಿಬಿಟ್ಟ ಮೇಲೆ ಮೂಲ ಲೇಖನವನ್ನು ತೋರಿಸುವ ಅಗತ್ಯ ಹಲವರಿಗೆ ಕಾಣುವುದಿಲ್ಲ. ಎಣಿಸುವ ಯಂತ್ರಕ್ಕೆ ಈ ಪ್ರಸ್ತಾಪಗಳು ಲೆಕ್ಕಕ್ಕಿಲ್ಲ, ಉಲ್ಲೇಖಗಳಷ್ಟೇ ಲೆಕ್ಕಕ್ಕೆ. ಎರಡಕ್ಕೂ ಒಂದೇ ಪದ ಬಳಸಿದರೆ ಈ ವಿಚಿತ್ರವನ್ನು ಕನ್ನಡದಲ್ಲಿ ಹೇಳುವುದೇ ಸಾಧ್ಯವಾಗುವುದಿಲ್ಲ. ಗಜಗ, ಗುಣನಂದಿಯರದು ಇದಕ್ಕೆ ಬಹುಮಟ್ಟಿಗೆ ತಿರುಗುಮುರುಗಾದ ಸ್ಥಿತಿ: ಅವರ ಕನ್ನಡ ಕೃತಿಗಳು ನಮಗೆ ಸಿಕ್ಕಿಲ್ಲ, ಬೇರೆಯವರು ಹೆಸರಿಸಿದ್ದರಿಂದಷ್ಟೇ ಅವರನ್ನು ಬಲ್ಲೆವು.

ವ್ಯಾಕರಣದ ಕಡೆಯಿಂದಲೂ ಒಂದು ಮಾತು. ‘ಈ ಲೇಖನವು ಐನೂರು ಬಾರಿ ಉಲ್ಲೇಖಿಸಲ್ಪಟ್ಟಿದೆ’ ಎಂಬ ವಾಕ್ಯ ಎಲ್ಲೆಡೆ ಕಾಣುತ್ತದೆ. ‘ಅಲ್ಪಟ್ಟಿದೆ’ ಕನ್ನಡದ ನಾಲಿಗೆಗೆ ಒಗ್ಗದು ಎಂಬ ಆಕ್ಷೇಪ ಹಳೆಯದು, ಅದನ್ನು ಮತ್ತೆ ಎತ್ತುವುದಿಲ್ಲ. ನನ್ನ ಆಕ್ಷೇಪ ‘ಬಾರಿ’ ಎಂಬುದಕ್ಕೆ. ಒಂದು ಲೇಖನ ಮತ್ತೊಂದನ್ನು ತನ್ನೊಳಗೆ ಆರು ಕಡೆ ತೋರಿಸಿದರೂ ಸೂಚಿಗಳು ಅದನ್ನು ಒಂದೆಂದೇ ಎಣಿಸುತ್ತವೆ. ಎಣಿಕೆಯಾಗುವುದು ಉಲ್ಲೇಖಿಸಿದ ಲೇಖನಗಳು. ಹಾಗಾಗಿ ‘ಐನೂರು ಲೇಖನಗಳು ಇದನ್ನು ಉಲ್ಲೇಖಿಸಿವೆ’ ಎಂಬ ಕರ್ತರಿ ಪ್ರಯೋಗ ಕನ್ನಡಕ್ಕೂ ಒಪ್ಪುತ್ತದೆ, ನಿಜವನ್ನೂ ಹೇಳುತ್ತದೆ.

‘ಪ್ರಕಟಣಾ ದಾಖಲೆ’ ಎಂಬುದನ್ನು ನಾನು ಪೂರ್ತಿಯಾಗಿ ಕೈಬಿಟ್ಟೆ. ಪ್ರಕಟಣೆ ಎಂದರೆ ಪತ್ರಿಕಾ ಪ್ರಕಟಣೆ, ಸಾರ್ವಜನಿಕ ಪ್ರಕಟಣೆ. ದಾಖಲೆ ಎಂದರೆ ಕಂದಾಯ ಇಲಾಖೆಯ ಕಾಗದ, ಇಲ್ಲವೇ ಕ್ರಿಕೆಟಿನಲ್ಲಿ ಮುರಿಯುವಂಥದ್ದು. ‘ಪ್ರಕಟಣೆಯಲ್ಲಿ ಅವರದು ದೊಡ್ಡ ದಾಖಲೆ’ ಎಂದು ಓದಿದವರು, ಅತಿ ಹೆಚ್ಚು ಲೇಖನ ಬರೆದು ಹಿಂದಿನವರನ್ನು ಮೀರಿಸಿದರು ಎಂದುಕೊಂಡರೆ ತಪ್ಪು ಓದುಗರದಲ್ಲ. ‘ಅವರು ಪ್ರಕಟಿಸಿದ ಸಂಶೋಧನೆಗಳು’ ಎಂದರೆ ಸಾಕು.

‘ಇಂಪ್ಯಾಕ್ಟ್’ ಹೆಚ್ಚು ಸತಾಯಿಸಿತು. ಪರಿಣಾಮ ಎಂದರೆ ಕಾರಣದಿಂದ ಆದ ಫಲ. ಔಷಧದ ಅಡ್ಡ ಪರಿಣಾಮದ ನೆನಪು ಬೇರೆ, ಅದೂ ಕ್ಯಾನ್ಸರಿನ ಬಗೆಗಿನ ಬರಹದಲ್ಲಿ. ಪ್ರಭಾವ ಎಂಬುದು ಒಳ್ಳೆಯ ಪದವೇ, ಆದರೆ ‘ಪ್ರಭಾವ ಬಳಸಿ ಸೀಟು ಕೊಡಿಸಿದರು’ ಎಂಬ ಬಳಕೆ ಅದನ್ನು ಮಲಿನಗೊಳಿಸಿದೆ. ರೌಸ್ 1921ರಿಂದ ದಶಕಗಳ ಕಾಲ, ತಮ್ಮ 1911ರ ಲೇಖನವನ್ನು ಪ್ರಕಟಿಸಿದ್ದ ಅದೇ ಪತ್ರಿಕೆಯ ಸಂಪಾದಕರಲ್ಲೊಬ್ಬರಾಗಿದ್ದರು. ‘ಆ ಪತ್ರಿಕೆಯಲ್ಲಿ ಅವರ ಪ್ರಭಾವ ದೊಡ್ಡದು’ ಎಂದು ನನ್ನ ಮೊದಲ ಕರಡಿನಲ್ಲಿ ಬರೆದಿದ್ದೆ. ಓದಿದ ಸ್ನೇಹಿತರೊಬ್ಬರು, ‘ಹಾಗಾದರೆ ಶಿಫಾರಸಿನಿಂದ ಅಚ್ಚಾಯಿತೇ?’ ಎಂದು ಕೇಳಿದರು. ಆದರೂ ವಿದ್ವತ್ತಿನ ಸಂದರ್ಭದಲ್ಲಿ ಪ್ರಭಾವವನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ಅಭಿಮತ. ಯಾರ ಮೇಲೆ, ಯಾವುದರ ಮೇಲೆ ಎಂಬುದನ್ನು ಪಕ್ಕದಲ್ಲೇ ಹೇಳಿಬಿಟ್ಟರೆ ಶಿಫಾರಸಿನ ವಾಸನೆ ತಾನಾಗಿ ಹೋಗುತ್ತದೆ: ‘ಟೆಮಿನ್ ಅವರ ಕೆಲಸದ ಮೇಲೆ ರೌಸ್ ಅವರ ಸಂಶೋಧನೆಯ ಪ್ರಭಾವ’.

ಇನ್ನು ‘ಇಂಪ್ಯಾಕ್ಟ್ ಫ್ಯಾಕ್ಟರ್’. ಇದಕ್ಕೆ ಪ್ರಭಾವಾಂಶ ಎಂದು ಬರೆಯುವವರಿದ್ದಾರೆ. ಇದು ಪತ್ರಿಕೆಯೊಂದರ ಅಳತೆ: ಅದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು, ಆ ಎರಡು ವರ್ಷಗಳ ಲೇಖನಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿ. ಭಿನ್ನರಾಶಿಯಲ್ಲಿ ಮೇಲಿರುವುದು ಅಂಶ, ಕೆಳಗಿರುವುದು ಛೇದ ಎಂದು ಶಾಲೆಯಲ್ಲಿ ಕಲಿತವರಿಗೆ, ಭಾಗಲಬ್ಧವನ್ನೇ ‘ಅಂಶ’ ಎಂದು ಕರೆಯುವುದು ವಿಚಿತ್ರವಾಗಿ ಕಾಣದೇ? ಗುಣಾಂಕವೂ ಅಲ್ಲ, ಅಪವರ್ತನವಂತೂ ಅಲ್ಲ. ಇದು ನಿಜವಾಗಿ ಒಂದು ಬಗೆಯ ಸರಾಸರಿಯಾದ್ದರಿಂದ ‘ಪತ್ರಿಕೆಯ ಸರಾಸರಿ ಉಲ್ಲೇಖ’ ಎಂದರೆ ಯಾಕಾಗಬಾರದು? ಇದರಿಂದ ಇನ್ನೊಂದು ಲಾಭವೂ ಇದೆ. ‘ಅವರ ಪ್ರಭಾವಾಂಶ ಇಷ್ಟು’ ಎಂದು ಪತ್ರಿಕೆಯ ಅಂಕಿಯನ್ನು ವ್ಯಕ್ತಿಯ ತಲೆಗೆ ಕಟ್ಟುವ ರೂಢಿ ಕನ್ನಡ ಬರಹಗಳಲ್ಲೂ ಕಾಣಿಸತೊಡಗಿದೆ. ಸಂಶೋಧಕರನ್ನು ಹೀಗೆ ಅಳೆಯಬಾರದೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರೂ ಪ್ರಕಾಶಕರೂ ಘೋಷಣೆಯನ್ನೇ ರೂಪಿಸಿದರು. ಪದದೊಳಗೇ ‘ಪತ್ರಿಕೆಯ’ ಎಂದು ಇದ್ದರೆ ಹಾಗೆ ಬರೆಯಲು ಕೈ ತಡೆಯುತ್ತದೆ.

ವ್ಯಕ್ತಿಗೆಂದೇ ಇರುವ ಅಳತೆ, ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್. ತಲಾ 20 ಅಥವಾ ಹೆಚ್ಚು ಉಲ್ಲೇಖಗಳು ದೊರೆತ 20 ಲೇಖನಗಳಿದ್ದು, ತಲಾ 21 ದೊರೆತ 21 ಲೇಖನಗಳಿಲ್ಲದಿದ್ದರೆ ಅದು 20. ಬೆಲೆ ಸೂಚ್ಯಂಕ, ಷೇರು ಸೂಚ್ಯಂಕಗಳ ಸಾಲಿನಲ್ಲಿ ‘ಎಚ್ ಸೂಚ್ಯಂಕ’ ಎಂದರೆ ಸಾಕೆಂದು ನನ್ನ ಎಣಿಕೆ.

ಉಳಿದಿರುವ ನನ್ನ ಪ್ರಶ್ನೆಗಳು ಎರಡೇ. ಒಂದು, ‘ಉಲ್ಲೇಖಿಸಿದ ಲೇಖನ’, ‘ಉಲ್ಲೇಖಗೊಂಡ ಲೇಖನ’ ಎಂಬ ಜೋಡಿ ಒಂದೇ ವಾಕ್ಯದಲ್ಲಿ ಬಂದಾಗ ಓದುಗರು ಎಡವುತ್ತಾರೆ. ಇವುಗಳಲ್ಲಿ ಎರಡನೆಯದಕ್ಕೆ ‘ಆಕರ ಲೇಖನ’ ಎನ್ನಬಹುದೆಂದು ನನಗೆ ತೋರುತ್ತದೆ, ಆದರೆ ಆಕರಗ್ರಂಥ ಎಂಬ ರೂಢಿಯ ಪದದೊಂದಿಗೆ ಇದು ತಾಕಲಾಡುವುದೇ? ಎರಡು, ಉಲ್ಲೇಖಿಸದೆಯೇ ಹಲವರು ಆಧರಿಸುವಷ್ಟು ಸಾಮಾನ್ಯ ತಿಳಿವಳಿಕೆಯಾಗಿಬಿಟ್ಟ ರೌಸ್ ಅವರಂಥವರ ಕೆಲಸದ ಈ ಸ್ಥಿತಿಗೆ ನಮ್ಮ ಊರುಗಳ ಮಾತಿನಲ್ಲಿ, ಕಸುಬುಗಳ ಮಾತಿನಲ್ಲಿ, ಯಾವುದಾದರೂ ಪದವನ್ನು ನೀವು ಕೇಳಿದ್ದೀರಾ? ‘ಕರಗತ’ ಎಂದು ಬರೆದು ಹೊಡೆದುಹಾಕಿದ್ದೇನೆ, ‘ಅಂತರ್ಗತ’ ಎಂದು ಬರೆದು ಅನುಮಾನದಲ್ಲಿದ್ದೇನೆ.