ಪದಚರ್ಚೆ: ನಿರೀಕ್ಷೆ, ಭರವಸೆ, ತಾಳ್ಮೆ – ಕೂಡಿ ಓದುವ ಹಾಳೆಗೆ ಯಾವುದು?

ಪ್ರಶ್ನೆ (ಹಾಸನ):

ನಮಸ್ಕಾರ. ಕಥೋಲಿಕರೂ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟ್) ಸಭೆಯವರೂ ಕೂಡಿ ಓದುವ ಪ್ರಾರ್ಥನೆಯ ಹಾಳೆಯೊಂದು ಇಲ್ಲಿ ತಯಾರಾಗುತ್ತಿದೆ. ವಿಷಯ: ಕಷ್ಟದಲ್ಲೂ ನಿರೀಕ್ಷೆ ಬಿಡದೆ ನಿಲ್ಲುವುದು. ಆಧಾರ ವಾಕ್ಯ ಬೈಬಲಿನ ರೋಮಾಪುರದವರಿಗೆ 5:3–5: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಅನುಭವ, ಅನುಭವದಿಂದ ನಿರೀಕ್ಷೆ, ಆ ನಿರೀಕ್ಷೆ ನಾಚಿಕೆಪಡಿಸದು ಎಂಬ ಮಾತು. ‘ನಿರೀಕ್ಷೆ’ ಎಂದರೆ ಇವತ್ತಿನ ಕಿವಿಗೆ ಪರೀಕ್ಷೆಯ ಫಲಿತಾಂಶ, ಕಾಫಿ ರೇಟು, ನಿರೀಕ್ಷಣಾ ಜಾಮೀನು ನೆನಪಾಗುತ್ತವೆ. ‘ಭರವಸೆ’ ಎಂದು ಬದಲಿಸಬಹುದೆ? ‘ತಾಳ್ಮೆ’ ಎಂದರೆ ಸುಮ್ಮನೆ ಸಹಿಸಿಕೊಂಡಿರುವುದು ಎಂದಾಗುವುದಿಲ್ಲವೆ? ಕರಡಿನಲ್ಲಿ ಒಂದು ಕಡೆ ‘ಪರಿಶ್ರಮ’ ಎಂದೂ ಬಂದಿದೆ. ಬಲ್ಲವರು ತಿಳಿಸಬೇಕು.

ಉತ್ತರ (ಚಿಕ್ಕಮಗಳೂರು):

ಹಾಸನದವರಿಗೆ ನಮಸ್ಕಾರ. ವಾಚನದ ಭಾಗದಲ್ಲಿ ‘ನಿರೀಕ್ಷೆ’ಯನ್ನೇ ಉಳಿಸಿ. ವಿವರಣೆಯಲ್ಲಿ ‘ಭರವಸೆ’ ಬರಲಿ, ಆದರೆ ಕ್ರಿಯಾಪದ ನೋಡಿಕೊಂಡು. ಭರವಸೆ ‘ಕೊಡು’ ಎಂದರೆ ಮಾತು ಕೊಡುವುದು, ‘ಇಡು’ ಎಂದರೆ ನೆಚ್ಚುವುದು. ‘ದೇವರ ಭರವಸೆ’ ಎಂದು ಷಷ್ಠಿಯಲ್ಲಿ ಬರೆದರೆ ದೇವರು ಕೊಟ್ಟ ಮಾತೋ, ದೇವರ ಮೇಲೆ ನಾವು ಇಟ್ಟದ್ದೋ ತಿಳಿಯದು. ಮೊದಲನೆಯದಕ್ಕೆ ‘ವಾಗ್ದಾನ’ ಎಂಬ ಮಾತು ಎರಡೂ ಕಡೆಯವರಿಗೆ ಗೊತ್ತಿದೆ, ಅದನ್ನೇ ಹಾಕಿ.

‘ನಿರೀಕ್ಷೆ’ಯ ವಿಷಯದಲ್ಲಿ ವಿಭಕ್ತಿಯೇ ಮುಖ್ಯ. ‘ಫಲಿತಾಂಶವನ್ನು ನಿರೀಕ್ಷಿಸು’ ಎಂದರೆ ಎದುರು ನೋಡು. ‘ದೇವರಿಂದ ನಿರೀಕ್ಷಿಸು’ ಎಂದರೆ ಇಂಥದ್ದು ಬರಬೇಕೆಂದು ಲೆಕ್ಕ ಹಾಕು. ‘ದೇವರಲ್ಲಿ ನಿರೀಕ್ಷೆ ಇಡು’ ಎಂದಾಗ ಮಾತ್ರ ನಿರೀಕ್ಷೆಗೆ ಗ್ರೀಕ್ ಮೂಲದಲ್ಲಿರುವ ‘ಎಲ್ಪಿಸ್’ ಸರಿಯಾಗಿ ಬರುತ್ತದೆ. ನಿಮಗೆ ಜಾಮೀನು ನೆನಪಾಗುವುದು ಮೊದಲ ಎರಡರಲ್ಲಿ; ಸಪ್ತಮಿ ಬಂದರೆ ಆ ಅರ್ಥ ಹಿಂದೆ ಸರಿಯುತ್ತದೆ. ಯೆಶಾಯ 40:31ರಲ್ಲಿ ‘ಯೆಹೋವನನ್ನು ನಿರೀಕ್ಷಿಸುವವರು’ ಎಂದು ದ್ವಿತೀಯೆಯೇ ಇದೆ, ಅದು ತಪ್ಪಲ್ಲ. ಅಲ್ಲಿಯ ಹೀಬ್ರೂ ಧಾತು ‘ಕಾವಾ’ದಲ್ಲಿ ಕಾಯುವುದೂ ನೆಚ್ಚುವುದೂ ಒಟ್ಟಿಗೇ ಇವೆ. ‘ನಿರೀಕ್ಷೆ’ಯಲ್ಲಿಯೂ ಹಾಗೆಯೇ, ಸಂಸ್ಕೃತದ ‘ಈಕ್ಷ್’, ಅಂದರೆ ನೋಡು, ಒಳಗಿದೆ: ಬರುವ ದಾರಿಯಲ್ಲಿ ಕಣ್ಣಿಟ್ಟು ಕಾಯುವುದು. ‘ಭರವಸೆ’ಯಲ್ಲಿ ಈ ಕಾಯುವಿಕೆ ಇಲ್ಲ. ಇಬ್ರಿಯರಿಗೆ 11:1ರ ಹಳೆಯ ಅನುವಾದದಲ್ಲಿ ನಂಬಿಕೆ, ನಿರೀಕ್ಷಿಸು, ಭರವಸ ಮೂರೂ ಒಂದೇ ವಚನದಲ್ಲಿವೆ. ಅಲ್ಲಿ ನಿರೀಕ್ಷೆಯನ್ನು ತೆಗೆದು ಭರವಸೆ ಹಾಕಿದರೆ ‘ಭರವಸೆಯ ವಿಷಯದಲ್ಲಿ ಭರವಸೆ’ ಎಂದಾಗಿ ವಚನವೇ ಕೆಡುತ್ತದೆ.

ಕೂಡಿ ಓದುವ ಹಾಳೆಯಾದ್ದರಿಂದ ಇನ್ನೊಂದು ಎಚ್ಚರಿಕೆ. ಸಿ.ಎಸ್.ಐ.ನವರ ‘ನಂಬಿಕೆ’ ಕಥೋಲಿಕರಿಗೆ ‘ವಿಶ್ವಾಸ’. ಮೊದಲ ಸಲ ಬಂದಾಗ ಎರಡನ್ನೂ ಜೊತೆಯಾಗಿ ಅಚ್ಚು ಮಾಡಿ, ಮುಂದೆ ಒಂದನ್ನೇ ಬಳಸಿ.

ಇನ್ನು ತಾಳ್ಮೆ. ನಿಮ್ಮ ಅನುಮಾನ ಸರಿಯಾದದ್ದು, ನಿಜವಾದ ತೊಡಕು ಇರುವುದೂ ಇಲ್ಲೇ. ರೋಮಾಪುರದವರಿಗೆ 5ರಲ್ಲಿ ತಾಳ್ಮೆಗೆ ಗ್ರೀಕಿನಲ್ಲಿರುವುದು ‘ಹುಪೊಮೊನೆ’. ಹುಪೊ ಎಂದರೆ ಕೆಳಗೆ, ಮೆನೊ ಎಂದರೆ ನಿಲ್ಲು, ನೆಲೆಸು: ಹೊರೆಯ ಕೆಳಗೆ ಕಾಲೂರಿ ನಿಲ್ಲುವುದು. ‘ಮಕ್ರೊಥುಮಿಯ’ ಬೇರೆ, ಅದು ಜನರ ಮೇಲೆ ಬೇಗ ಸಿಟ್ಟಾಗದ ಗುಣ, ಗಲಾತ್ಯದವರಿಗೆ 5:22ರ ‘ದೀರ್ಘಶಾಂತಿ’. ಕೊಲೊಸ್ಸೆಯವರಿಗೆ 1:11ರಲ್ಲಿ ಎರಡೂ ಅಕ್ಕಪಕ್ಕ ಬರುತ್ತವೆ. ಆದರೆ 1 ಕೊರಿಂಥದವರಿಗೆ 13:4ರಲ್ಲಿ ಎರಡನೆಯದರ ಕ್ರಿಯಾಪದ ಇದ್ದರೂ ಕನ್ನಡದಲ್ಲಿ ‘ಪ್ರೀತಿ ಬಹು ತಾಳ್ಮೆಯುಳ್ಳದ್ದು’ ಎಂದಾಯಿತು. ಒಂದೇ ಪದ ಎರಡು ಕಡೆ ದುಡಿದು, ಸೌಮ್ಯವಾಗಿರುವ ಅರ್ಥವೇ ಮೇಲಾಯಿತು.

ಕ್ರಿಯಾಪದ ‘ತಾಳು’ ಮಾತ್ರ ಇನ್ನೂ ಗಟ್ಟಿಯಾಗಿದೆ. ಭಾರ ತಾಳುವ ತೊಲೆ ಎನ್ನುತ್ತೇವೆ, ಬಾಳಿಕೆ ತಾಳಿಕೆ ಎನ್ನುತ್ತೇವೆ, ‘ತಾಳಿದವನು ಬಾಳಿಯಾನು’ ಎಂಬ ಗಾದೆಯೂ ಇದೆ. ಮತ್ತಾಯ 24:13ರ ‘ಕಡೇವರೆಗೂ ತಾಳುವವನು’ ಎಷ್ಟು ಚೆನ್ನಾಗಿ ನಿಲ್ಲುತ್ತದೆ ನೋಡಿ. ಇಬ್ರಿಯರಿಗೆ 12:1ರಲ್ಲಿ ಅದೇ ಹುಪೊಮೊನೆಗೆ ಅನುವಾದಕರು ‘ಸ್ಥಿರಚಿತ್ತದಿಂದ ಓಡೋಣ’ ಎಂದರು; ತಾಳ್ಮೆಯಿಂದ ಓಡುವುದು ಕನ್ನಡದಲ್ಲಿ ಕೂರುವುದಿಲ್ಲ. ನಿಮ್ಮ ಹಾಳೆಯಲ್ಲೂ ನಾಮಪದ ಕಡಿಮೆ ಮಾಡಿ: ತಾಳಿ ನಿಲ್ಲು, ಬಿಡದೆ ನಿಲ್ಲು, ಸೋತು ಕೈಬಿಡಬೇಡ.

ಇದು ಬರೀ ವ್ಯಾಕರಣದ ಮಾತಲ್ಲ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ‘ತಾಳ್ಮೆ ಇರಲಮ್ಮ’ ಎಂದು ಉಪದೇಶ ಮಾಡಲು ಈ ವಾಕ್ಯ ಬಳಕೆಯಾಗಬಾರದು. ಕಷ್ಟಗಳನ್ನು ತಾಳಿದ ಯೋಬನ ಪಕ್ಕದಲ್ಲಿ ಲೂಕ 18ರ ವಿಧವೆಯನ್ನೂ ಉದಾಹರಣೆಗೆ ಇಡಿ. ಆಕೆ ಅನ್ಯಾಯಗಾರ ನ್ಯಾಯಾಧಿಪತಿಯ ಬಳಿಗೆ ಮತ್ತೆ ಮತ್ತೆ ಹೋಗಿ ನ್ಯಾಯ ಕೇಳಿದವಳು. ಆ ಸಾಮ್ಯವನ್ನು ಯೇಸು ಹೇಳಿದ್ದು ಬೇಸರಗೊಳ್ಳದೆ ಪ್ರಾರ್ಥಿಸಬೇಕೆಂದು ತಿಳಿಸುವುದಕ್ಕೆ.

ರೋಮಾಪುರದವರಿಗೆ 5ರ ಸರಪಳಿಯಲ್ಲಿ ತಾಳ್ಮೆಗೂ ನಿರೀಕ್ಷೆಗೂ ನಡುವೆ ‘ದೊಕಿಮೆ’ ಎಂಬ ಪದವಿದೆ. ಅದನ್ನು ಬರೀ ‘ಅನುಭವ’ ಎಂದರೆ ಸಪ್ಪೆ. ಪರೀಕ್ಷೆಗೆ ಒಳಗಾಗಿ ಗೆದ್ದ ಗುಣ ಅದು. ವಿವರಣೆಯಲ್ಲಿ ‘ಒರೆಗೆ ನಿಂತ ಗುಣ’ ಎನ್ನಬಹುದು. 5ನೇ ವಚನದ ಕ್ರಿಯಾಪದಕ್ಕೆ ನೇರ ಅರ್ಥ ನಾಚಿಕೆಪಡಿಸು ಎಂದು. ‘ಈ ನಿರೀಕ್ಷೆ ನಮಗೆ ಮುಖಭಂಗ ಮಾಡದು’ ಎಂದು ವಿವರಿಸಿದರೆ ಊರಿನವರಿಗೆ ಥಟ್ಟನೆ ಹತ್ತುತ್ತದೆ. 2025ರ ಜೂಬಿಲಿ ಎಂಬ ಪವಿತ್ರ ವರ್ಷಕ್ಕಾಗಿ ಪೋಪ್ ಫ್ರಾನ್ಸಿಸ್ 2024ರ ಮೇ 9ರಂದು ಹೊರಡಿಸಿದ ಆಜ್ಞಾಪತ್ರದ ಲ್ಯಾಟಿನ್ ಹೆಸರು ಇದೇ ವಚನದ್ದು, ಕಥೋಲಿಕರಿಗೆ ನೆನಪಿದ್ದೀತು.

‘ಪರಿಶ್ರಮ’ ಖಂಡಿತ ಬೇಡ. ಅದು ದುಡಿಮೆ, ಬೆವರು. ಕಡೆತನಕ ನಿಲ್ಲುವುದು ದೇವರ ವರ ಎಂದು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆಯೂ ಹೇಳಿತು. ದೇವರೇ ತನ್ನವರನ್ನು ಕಾಯುತ್ತಾನೆಂದು 1618–19ರ ಪ್ರೊಟೆಸ್ಟೆಂಟರ ಡೋರ್ಟ್ ಸಭೆಯೂ ಹೇಳಿತು. ಆ ವರ ಕೈತಪ್ಪಬಹುದೇ ಎಂಬಲ್ಲಿ ಅವರಿಗೆ ಒಮ್ಮತವಿಲ್ಲ. ಆದರೆ ಅದು ನಮ್ಮ ಬೆವರಿನ ಗಳಿಕೆಯೆಂದು ಇಬ್ಬರೂ ಹೇಳುವುದಿಲ್ಲ. ‘ಕಡೆತನಕ ನಿಲ್ಲುವುದು’ ಎಂದೇ ಬರೆಯಿರಿ.

ಮರುಪ್ರಶ್ನೆ (ಹಾಸನ):

ತುಂಬಾ ಉಪಕಾರವಾಯಿತು. ಯಾಕೋಬ 5:7ರ ರೈತ ಕಾಯುವ ಮುಂಗಾರು, ಹಿಂಗಾರು ನಮ್ಮವೇ ತಾನೆ?

ಉತ್ತರ (ಚಿಕ್ಕಮಗಳೂರು):

ಹೆಸರು ನಮ್ಮದು, ತಿಂಗಳು ಬೇರೆ. ಪಲೆಸ್ತೀನದ ಮೊದಲ ಮಳೆ ಅಕ್ಟೋಬರ್–ನವೆಂಬರಿನಲ್ಲಿ, ಬಿತ್ತನೆಗೆ. ಕೊನೆಯ ಮಳೆ ಮಾರ್ಚ್–ಏಪ್ರಿಲ್‌ನಲ್ಲಿ, ಕಾಳು ಕಟ್ಟುವುದಕ್ಕೆ. ನಮ್ಮ ಮುಂಗಾರು ಜೂನಿನದು. ತೋಟದವರಿಗೆ ಹೇಳುವಾಗ ಆ ಕೊನೆಯ ಮಳೆಯನ್ನು ಕಾಫಿಯ ಹೂಮಳೆಯ ಕಾಲಕ್ಕೆ ಹೊಂದಿಸಿ ಹೇಳಿ: ಅದು ತಪ್ಪಿದರೆ ಫಸಲು ಹೋಯಿತು, ಬರುವ ಮೊದಲೇ ತೋಟ ಸಿದ್ಧವಿರಬೇಕು. ವಾಚನದಲ್ಲಿ ಮುಟ್ಟಬೇಡಿ, ಅಡಿಯಲ್ಲಿ ಒಂದು ಸಾಲು ಸಾಕು. ಅಂದಹಾಗೆ ಆ ರೈತನಿಗೆ ಗ್ರೀಕಿನಲ್ಲಿ ಬಂದಿರುವುದು ಮಕ್ರೊಥುಮಿಯದ ಕ್ರಿಯಾಪದ. ಹುಪೊಮೊನೆ ಬರುವುದು 11ನೇ ವಚನದಲ್ಲಿ, ಯೋಬನಿಗೆ. ಹಾಗಾಗಿ ಜನರ ಮುಂದೆ ಒಂದು, ಕಷ್ಟದ ಮುಂದೆ ಇನ್ನೊಂದು ಎಂಬ ಮೇಲಿನ ಗೆರೆಯನ್ನು ತೀರ ಗಟ್ಟಿಯಾಗಿ ಎಳೆಯಬೇಡಿ.